ಜಿಯೋಲೈಟ್: ಚೀಲದ ಮೇಲೆ ಹೆಸರು ಅಚ್ಚಾದರೆ ಸಾಲದು

ಮಾನ್ಯ ಸಂಪಾದಕರೆ,

ನಾನು ಹೋಗಿಬರುವ ಬಸವಕಲ್ಯಾಣ, ಹುಮನಾಬಾದ್ ಮತ್ತು ಆಳಂದದ ಗೊಬ್ಬರದ ಅಂಗಡಿಗಳಲ್ಲಿ ‘ಜಿಯೋಲೈಟ್’ ಎಂಬ ಹೆಸರು ಹೊತ್ತ ಹತ್ತು ಕಿಲೋ ಚೀಲಗಳು ಈಚೆಗೆ ಕಣ್ಣಿಗೆ ಬೀಳುತ್ತಿವೆ. ಎಕರೆಗೆ ಒಂದು ಚೀಲ ಹಾಕಿದರೆ ಯೂರಿಯಾ ಖರ್ಚು ಅರ್ಧಕ್ಕೆ ಇಳಿಯುತ್ತದೆ, ಮಳೆ ಕೈಕೊಟ್ಟರೂ ತೊಗರಿ ಬಾಡುವುದಿಲ್ಲ, ಇದೇ ಪುಡಿಯನ್ನು ನೀರಿನ ಕೊಡದ ತಳಕ್ಕೆ ಹಾಕಿಟ್ಟರೆ ಫ್ಲೋರೈಡ್ ಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಕೇಳುವವರು ಅನುಮಾನಿಸಿದರೆ, ಕೊರೊನಾ ಕಾಲದಲ್ಲಿ ಆಮ್ಲಜನಕ ಕೊಟ್ಟದ್ದು ಇದೇ ಕಲ್ಲು ಎಂಬ ಮಾತನ್ನೂ ಸೇರಿಸುತ್ತಾರೆ. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನಾಗಿ, ಈ ಖನಿಜದ ನಿಜವಾದ ಗುಣವೇನು, ಅದು ಎಲ್ಲಿ ದುಡಿಯುತ್ತದೆ, ಎಲ್ಲಿ ದುಡಿಯುವುದಿಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ರೈತರ ಮುಂದಿಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ತುಸು ಉದ್ದವಾಗಿದೆ, ಕ್ಷಮಿಸಬೇಕು.

ಮೊದಲಿಗೆ, ಜಿಯೋಲೈಟ್ ನಮಗೆ ಪರದೇಶಿ ವಸ್ತುವೇನಲ್ಲ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಉಕ್ಕಿ ಹರಿದ ದಖ್ಖನಿನ ಲಾವಾರಸವೇ ಹೆಪ್ಪುಗಟ್ಟಿ ಬೀದರ್ ಜಿಲ್ಲೆಯ ಹಾಗೂ ಕಲಬುರಗಿಯ ಉತ್ತರ ಭಾಗದ ಕರಿಕಲ್ಲಾಗಿದೆ. ಆ ಲಾವಾ ತಣಿಯುವಾಗ ಒಳಗಿನ ಅನಿಲ ಗುಳ್ಳೆಗಳಾಗಿ ಉಳಿಯಿತು. ಆಮೇಲೆ ಆ ಗುಳ್ಳೆಗಳಲ್ಲಿ ಇಳಿದ ಬಿಸಿನೀರು ತಾನು ಕರಗಿಸಿ ತಂದ ಖನಿಜಗಳನ್ನು ಹರಳುಗಟ್ಟಿಸಿತು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಹೊಲದಲ್ಲಿ ಬಾವಿ ತೋಡಿದಾಗ ಮದ್ದಿಟ್ಟು ಒಡೆದ ಕರಿಕಲ್ಲಿನ ಹೊಟ್ಟೆಯಲ್ಲಿ ಬಿಳಿಯ, ತುಸು ಕೆನೆಬಣ್ಣದ ಹರಳುಗಳು ಕಂಡಿದ್ದವು. ನಡುವೆ ಬಿಗಿದು ಕಟ್ಟಿದ ಜೋಳದ ಸಿವುಡಿನಂತೆ ಎರಡೂ ತುದಿಗೆ ಅರಳಿದ್ದ ಆ ಹರಳು ಸ್ಟಿಲ್ಬೈಟ್ ಎಂಬ ಜಿಯೋಲೈಟ್ ಎಂದು ತಿಳಿದದ್ದು ಕಾಲೇಜಿಗೆ ಸೇರಿದ ಮೇಲೆ. ಪುಣೆ, ನಾಸಿಕ್, ಜಳಗಾಂವ್ ಸುತ್ತಿನ ಕಲ್ಲುಗಣಿಗಳಲ್ಲಿ ಸಿಗುವ ಸ್ಟಿಲ್ಬೈಟ್, ಹ್ಯೂಲಾಂಡೈಟ್, ಸ್ಕೋಲೆಸೈಟ್ ಹರಳುಗಳು ಅವುಗಳ ಚೆಲುವಿನಿಂದಾಗಿಯೇ ಜಗತ್ತಿನ ವಸ್ತುಸಂಗ್ರಹಾಲಯಗಳನ್ನು ಸೇರಿವೆ.

ಆದರೆ ಬಾವಿಯ ಕಲ್ಲಿನಲ್ಲಿ ಸಿಗುವುದು ಬೇರೆ, ಚೀಲದಲ್ಲಿ ಬರಬೇಕಾದದ್ದು ಬೇರೆ. ವ್ಯಾಪಾರಕ್ಕೆ ಬರುವ ನೈಸರ್ಗಿಕ ಜಿಯೋಲೈಟ್‌ಗಳಲ್ಲಿ ಮುಖ್ಯವಾದದ್ದು ಕ್ಲಿನೊಪ್ಟಿಲೊಲೈಟ್. ಜ್ವಾಲಾಮುಖಿಯ ಬೂದಿ ಹಳೆಯ ಸರೋವರಗಳಲ್ಲೋ ಅಂತರ್ಜಲದಲ್ಲೋ ನೆನೆದು, ಕಾಲಾಂತರದಲ್ಲಿ ಮಾರ್ಪಟ್ಟು, ದಪ್ಪ ಪದರಗಳಾಗಿ ಕೂತದ್ದು ಇದು. ಟರ್ಕಿ, ಅಮೆರಿಕ, ಕ್ಯೂಬಾ, ಸ್ಲೊವಾಕಿಯಾ, ಚೀನಾ, ಇಂಡೊನೇಷ್ಯಾಗಳಲ್ಲಿ ಇಂಥ ಪದರಗಳನ್ನು ಗಣಿಮಾಡಿ ತೆಗೆಯುತ್ತಾರೆ. ನಮ್ಮ ಕರಿಕಲ್ಲಿನಲ್ಲಿ ಹರಳುಗಳು ಅಲ್ಲೊಂದು ಇಲ್ಲೊಂದು ಗುಳ್ಳೆಯಲ್ಲಿ ಮಾತ್ರ ಇರುತ್ತವೆ. ಆದ್ದರಿಂದ ಕ್ರಷರಿನ ಪುಡಿಯನ್ನು ‘ದಖ್ಖನಿನ ಜಿಯೋಲೈಟ್’ ಎಂದು ಯಾರಾದರೂ ಮಾರಲು ಬಂದರೆ ಅದರಲ್ಲಿ ಇರುವುದು ಬಹುಪಾಲು ಬಸಾಲ್ಟ್ ಎಂಬ ಆ ಕರಿಕಲ್ಲೇ.

ಈ ಹೆಸರು ಬಂದ ಬಗೆಯಲ್ಲೇ ಇದರ ಒಂದು ಗುಣ ಅಡಗಿದೆ. 1756ರಲ್ಲಿ ಸ್ವೀಡನ್ನಿನ ಖನಿಜಶಾಸ್ತ್ರಜ್ಞ ಆಕ್ಸೆಲ್ ಫ್ರೆಡ್ರಿಕ್ ಕ್ರೋನ್‌ಸ್ಟೆಡ್ ಇಂಥ ಒಂದು ಹರಳನ್ನು ಊದುಕೊಳವೆಯ ಜ್ವಾಲೆಗೆ ಹಿಡಿದಾಗ ಅದು ನೊರೆಗಟ್ಟಿ ಹಬೆ ಬಿಟ್ಟಿತು. ಗ್ರೀಕ್ ಭಾಷೆಯಲ್ಲಿ ‘ಕುದಿಯುವ ಕಲ್ಲು’ ಎಂಬ ಅರ್ಥ ಬರುವಂತೆ ಅವನು ಅದಕ್ಕೆ ಜಿಯೋಲೈಟ್ ಎಂದು ಹೆಸರಿಟ್ಟ. ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಕಟ್ಟಿದ ಗಟ್ಟಿ ಚೌಕಟ್ಟಿನ ಒಳಗೆ ಸುರಂಗಗಳೂ ಕೋಣೆಗಳೂ ಇರುತ್ತವೆ. ಅವುಗಳಲ್ಲಿ ನೀರಿನ ಅಣುಗಳು ತುಂಬಿರುತ್ತವೆ. ಕಾಯಿಸಿದರೆ ನೀರು ಹೋಗುತ್ತದೆ, ಚೌಕಟ್ಟು ಉಳಿಯುತ್ತದೆ. ತಣಿದ ಮೇಲೆ ಗಾಳಿಯ ತೇವವನ್ನು ಅದು ಮತ್ತೆ ಎಳೆದುಕೊಳ್ಳುತ್ತದೆ. ಇದು ಎಲ್ಲ ಜಿಯೋಲೈಟ್‌ಗೂ ಒಂದೇ ಸಮನಲ್ಲ. ಹ್ಯೂಲಾಂಡೈಟಿನ ಚೌಕಟ್ಟು ಬಿಸಿಗೆ ಬೇಗ ಕುಸಿಯುತ್ತದೆ, ಅದೇ ವಿನ್ಯಾಸದ ಆದರೆ ಸಿಲಿಕಾನ್ ಪಾಲು ಹೆಚ್ಚಿರುವ ಕ್ಲಿನೊಪ್ಟಿಲೊಲೈಟ್ ಹೆಚ್ಚಿನ ಕಾವನ್ನೂ ಆಮ್ಲವನ್ನೂ ತಾಳುತ್ತದೆ.

ಆ ಸುರಂಗಗಳ ಬಾಯಿ ತೀರ ಕಿರಿದು. ಮಿಲಿಮೀಟರಿನ ಕೋಟಿಯ ಒಂದು ಭಾಗವನ್ನು ಒಂದು ಆಂಗ್‌ಸ್ಟ್ರಾಮ್ ಎನ್ನುತ್ತಾರೆ, ಜಿಯೋಲೈಟಿನ ರಂಧ್ರಗಳು ಸಾಮಾನ್ಯವಾಗಿ ಮೂರರಿಂದ ಎಂಟು ಆಂಗ್‌ಸ್ಟ್ರಾಮ್ ಅಗಲ ಇರುತ್ತವೆ. ಸಣ್ಣ ಅಣು ಒಳಹೋಗುತ್ತದೆ, ದೊಡ್ಡದು ಹೊರಗೆ ನಿಲ್ಲುತ್ತದೆ. ಇದನ್ನು ಕಂಡೇ 1932ರಲ್ಲಿ ಮೆಕ್‌ಬೈನ್ ಎಂಬ ವಿಜ್ಞಾನಿ ‘ಅಣುಜರಡಿ’ ಎಂಬ ಮಾತನ್ನು ಬಳಕೆಗೆ ತಂದರು. ಇನ್ನೊಂದು ಗುಣ ರೈತರ ಮಟ್ಟಿಗೆ ಇದಕ್ಕಿಂತ ಮುಖ್ಯ. ಚೌಕಟ್ಟಿನಲ್ಲಿ ಸಿಲಿಕಾನಿನ ಜಾಗದಲ್ಲಿ ಅಲ್ಯೂಮಿನಿಯಂ ಕೂತಲ್ಲೆಲ್ಲ ಒಂದು ಋಣ ವಿದ್ಯುದಂಶ ಉಳಿಯುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮುಂತಾದ ಧನ ಅಯಾನುಗಳು, ಅಂದರೆ ಧನ ವಿದ್ಯುದಂಶ ಹೊತ್ತ ಕಣಗಳು, ಸುರಂಗದೊಳಗೆ ಸಡಿಲವಾಗಿ ನಿಂತಿರುತ್ತವೆ. ಬೇರೊಂದು ಧನ ಅಯಾನು ಬಂದರೆ ಇವು ಜಾಗ ಬಿಟ್ಟುಕೊಡುತ್ತವೆ. ಇದೇ ಅಯಾನು ವಿನಿಮಯ. ಋಣ ಚೌಕಟ್ಟು ಧನ ಅಯಾನುಗಳನ್ನು ಮಾತ್ರ ಹಿಡಿಯುತ್ತದೆ ಎಂಬ ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಅಂಗಡಿಯ ಅರ್ಧದಷ್ಟು ಮಾತುಗಳನ್ನು ನಾವೇ ತೂಗಿ ನೋಡಬಹುದು.

ಮೊದಲು ಕುಡಿಯುವ ನೀರಿನ ಮಾತು, ಏಕೆಂದರೆ ಇದರಲ್ಲಿ ಹಣ ಹೋಗುವುದರ ಜೊತೆಗೆ ಆರೋಗ್ಯವೂ ಹೋಗುತ್ತದೆ. ಫ್ಲೋರೈಡ್ ಋಣ ಅಯಾನು. ನೈಟ್ರೇಟ್ ಕೂಡ ಋಣ ಅಯಾನು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನರನ್ನು ಕಾಡಿದ ಆರ್ಸೆನಿಕ್ ಸಹ ನೀರಿನಲ್ಲಿ ಇರುವುದು ಋಣ ರೂಪದಲ್ಲೋ ವಿದ್ಯುದಂಶವಿಲ್ಲದ ರೂಪದಲ್ಲೋ ಹೊರತು ಜಿಯೋಲೈಟ್ ಹಿಡಿಯುವ ಧನ ರೂಪದಲ್ಲಲ್ಲ. ಹೀಗಿರುವಾಗ ಗಣಿಯಿಂದ ತೆಗೆದು ಬೀಸಿದ ಬರೀ ಜಿಯೋಲೈಟ್ ಪುಡಿ ಈ ಮೂರರಲ್ಲಿ ಯಾವುದನ್ನೂ ನಂಬಿಕೊಳ್ಳುವಷ್ಟು ತೆಗೆಯಲಾರದು. ಅದರ ಮೇಲ್ಮೈಗೆ ಅಲ್ಯೂಮಿನಿಯಂ ಅಥವಾ ಬೇರೆ ರಾಸಾಯನಿಕಗಳ ಲೇಪ ಕೊಟ್ಟು ಋಣ ಅಯಾನುಗಳನ್ನೂ ಹಿಡಿಯುವಂತೆ ಮಾಡಬಹುದು ಎಂಬುದು ನಿಜ. ಆದರೆ ಅದು ಬೇರೆಯೇ ವಸ್ತು, ಅದನ್ನು ಪರೀಕ್ಷಿಸಬೇಕಾದ ಕ್ರಮವೂ ಬೇರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿರುವ ಊರುಗಳಿಗೆ ನಮ್ಮ ಪಕ್ಕದ ನಲಗೊಂಡದ ಹೆಸರಿನಲ್ಲೇ ಇರುವ, ಪಟಿಕ ಮತ್ತು ಸುಣ್ಣ ಬಳಸುವ ವಿಧಾನವಿದೆ, ಆಕ್ಟಿವೇಟೆಡ್ ಅಲ್ಯುಮಿನಾ ಇದೆ, ಆರ್‌ಒ ಘಟಕಗಳಿವೆ. ಕೊಡದ ತಳದ ಪುಡಿಯನ್ನು ನಂಬಿ ಇವನ್ನು ಕೈಬಿಟ್ಟರೆ ಮಕ್ಕಳ ಹಲ್ಲು ಮತ್ತು ಮೂಳೆ ಅದರ ಬೆಲೆ ತೆರಬೇಕಾಗುತ್ತದೆ.

ಬೋರ್‌ವೆಲ್ಲಿನ ಗಡಸುನೀರನ್ನು ಇದು ಮೆದುಗೊಳಿಸುತ್ತದೆ ಎಂಬ ಮಾತೂ ಇದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಧನ ಅಯಾನುಗಳೇ, ಆದ್ದರಿಂದ ಮಾತು ಪೂರ್ತಿ ಸುಳ್ಳಲ್ಲ. ಆದರೆ ಕ್ಲಿನೊಪ್ಟಿಲೊಲೈಟಿಗೆ ಅದರದೇ ಆದ ಇಷ್ಟಾನಿಷ್ಟಗಳಿವೆ: ಮೊದಲು ಸೀಸಿಯಂ, ನಂತರ ಪೊಟ್ಯಾಸಿಯಂ, ಅಮೋನಿಯಂ, ಸೋಡಿಯಂ, ಕ್ಯಾಲ್ಸಿಯಂ ಬಹಳ ಹಿಂದೆ, ಮೆಗ್ನೀಸಿಯಂ ಇನ್ನೂ ಹಿಂದೆ. ಬಟ್ಟೆ ತೊಳೆಯುವ ಪುಡಿಗಳಲ್ಲಿ ಫಾಸ್ಫೇಟಿನ ಬದಲಿಗೆ ಹಾಕಿ ಗಡಸುತನ ತೆಗೆಯುವುದು ‘ಜಿಯೋಲೈಟ್ ಎ’ ಎಂಬ, ಕಾರ್ಖಾನೆಯಲ್ಲಿ ತಯಾರಾದ ಬೇರೊಂದು ಬಗೆ.

ಆಮ್ಲಜನಕದ ಮಾತಿಗೂ ಇದೇ ಉತ್ತರ. 2021ರ ಎರಡನೆಯ ಅಲೆಯಲ್ಲಿ ಆಸ್ಪತ್ರೆಗಳ ಹಿತ್ತಲಲ್ಲಿ ಕೂರಿಸಿದ ಆಮ್ಲಜನಕ ಘಟಕಗಳಲ್ಲಿ ಜಿಯೋಲೈಟ್ ಇದ್ದದ್ದು ಸತ್ಯ. ಗಾಳಿಯನ್ನು ಒತ್ತಡದಲ್ಲಿ ನುಗ್ಗಿಸಿದಾಗ ಅದು ಸಾರಜನಕವನ್ನು ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ, ಸುಮಾರು 93 ಶೇಕಡಾ ಶುದ್ಧಿಯ ಆಮ್ಲಜನಕ ಹೊರಬರುತ್ತದೆ, ಒತ್ತಡ ಇಳಿಸಿದ ಕೂಡಲೇ ಹಿಡಿದಿದ್ದ ಸಾರಜನಕವನ್ನು ಅದು ಬಿಟ್ಟುಬಿಡುತ್ತದೆ. ಆ ಕಾಳುಗಳು ಕೃತಕ ಜಿಯೋಲೈಟ್, ಗಣಿಯ ಕಲ್ಲಲ್ಲ. ಅಲ್ಲದೆ ಅಲ್ಲಿ ಹಿಡಿಯುವುದು ಗಾಳಿಯ ಸಾರಜನಕದ ಅಣುವನ್ನು, ಹೊಲದಲ್ಲಿ ಹಿಡಿಯಬೇಕಾದದ್ದು ಗೊಬ್ಬರದ ಅಮೋನಿಯಂ ಅಯಾನನ್ನು. ಎರಡಕ್ಕೂ ಸಾರಜನಕ ಎಂಬ ಹೆಸರು ಅಂಟಿಕೊಂಡಿರುವುದೇ ಮಾರುವವರಿಗೆ ಅನುಕೂಲವಾಗಿದೆ.

ಇನ್ನು ಹೊಲದ ಲೆಕ್ಕ. ಇದನ್ನು ಬಿಡಿಸಿಯೇ ಹೇಳಬೇಕು. ಒಳ್ಳೆಯ ದರ್ಜೆಯ ಕ್ಲಿನೊಪ್ಟಿಲೊಲೈಟಿನ ವಿನಿಮಯ ಸಾಮರ್ಥ್ಯ 100 ಗ್ರಾಮಿಗೆ ಸುಮಾರು 150 ಮಿಲಿ ಈಕ್ವಿವಲೆಂಟ್ (ಎಷ್ಟು ಅಯಾನುಗಳನ್ನು ಹಿಡಿಯಬಲ್ಲದು ಎಂಬುದರ ಅಳತೆ ಇದು, ಸಾವಿರ ಮಿಲಿ ಈಕ್ವಿವಲೆಂಟ್ ಸೇರಿದರೆ ಒಂದು ಈಕ್ವಿವಲೆಂಟ್). ನಮ್ಮ ಎರೆಭೂಮಿಯ ಜಿಗಟು ಮಣ್ಣಿಗೂ ಇದೇ ಗುಣ ಹುಟ್ಟಿನಿಂದಲೇ ಇದೆ, ಅದರ ಸಾಮರ್ಥ್ಯ 100 ಗ್ರಾಮಿಗೆ 50ರ ಆಸುಪಾಸು ಎಂದಿಟ್ಟುಕೊಳ್ಳೋಣ. ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣಿನ ತೂಕ ಸುಮಾರು 800 ಟನ್. ಲೆಕ್ಕ ಹಾಕಿದರೆ ಆ ಮಣ್ಣಿನ ಒಟ್ಟು ಸಾಮರ್ಥ್ಯ 4 ಲಕ್ಷ ಈಕ್ವಿವಲೆಂಟ್ ಆಗುತ್ತದೆ, ಹತ್ತು ಕಿಲೋ ಚೀಲದ್ದು 15 ಮಾತ್ರ. ಅಂದರೆ ಹೊಲ ತಾನಾಗಿಯೇ ಮಾಡುತ್ತಿರುವ ಕೆಲಸಕ್ಕೆ ಈ ಚೀಲ ಸೇರಿಸುವುದು 26 ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಕೆರೆಗೆ ಒಂದು ಚಂಬು ನೀರು ಸುರಿದು ಕೋಡಿ ಬಿತ್ತೆಂದು ಹೇಳಿದ ಹಾಗಾಯಿತು.

ಯೂರಿಯಾದ ಕಡೆಯಿಂದ ನೋಡಿದರೂ ಉತ್ತರ ಬೇರೆಯಾಗುವುದಿಲ್ಲ. 45 ಕಿಲೋ ಯೂರಿಯಾ ಚೀಲದಲ್ಲಿ 20.7 ಕಿಲೋ ಸಾರಜನಕವಿರುತ್ತದೆ. ಅದೆಲ್ಲ ಅಮೋನಿಯಂ ಆದರೆ 26.6 ಕಿಲೋ ಆಗುತ್ತದೆ. ಒಂದು ಕಿಲೋ ಜಿಯೋಲೈಟ್ ತನ್ನ ಎಲ್ಲ ಜಾಗವನ್ನೂ ಅಮೋನಿಯಂಗೇ ಬಿಟ್ಟುಕೊಟ್ಟರೂ ಹಿಡಿಯುವುದು 27 ಗ್ರಾಂ. ಒಂದೇ ಒಂದು ಚೀಲ ಯೂರಿಯಾವನ್ನು ಕಾಯಲು ಹತ್ತಿರ ಹತ್ತಿರ ಒಂದು ಟನ್ ಜಿಯೋಲೈಟ್ ಬೇಕು. ವಾಸ್ತವದಲ್ಲಿ ಬೇರೆ ಅಯಾನುಗಳೂ ಜಾಗ ಹಿಡಿಯುವುದರಿಂದ ಇನ್ನೂ ಹೆಚ್ಚೇ ಬೇಕು. ವಿದೇಶದ ಹೊಲಗಳಲ್ಲಿ ಇದರಿಂದ ಲಾಭ ಕಂಡ ಪ್ರಯೋಗಗಳು ಇಲ್ಲವೆಂದಲ್ಲ, ಆದರೆ ಅಂಥಲ್ಲಿ ಹಾಕುವುದು ಟನ್‌ಗಟ್ಟಲೆ, ಅದೂ ನೀರು ಮತ್ತು ಗೊಬ್ಬರ ಬಸಿದುಹೋಗುವ ಮರಳು ಮಣ್ಣಿನಲ್ಲಿ. ನಮ್ಮಲ್ಲಿ ಪ್ರಯೋಗ ಮಾಡುವುದೇ ಆದರೆ ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣು, ಯಾದಗಿರಿಯ ಮಸಾರಿ, ನರ್ಸರಿಯ ಚಟ್ಟಿ ಮತ್ತು ಪಾಲಿಹೌಸಿನ ತರಕಾರಿ ಮಡಿಗಳು ಸೂಕ್ತ ಜಾಗ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ, ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟು ಹಿಂಗಾರಿ ಜೋಳ ಬೆಳೆಸುವ ಎರೆಭೂಮಿಗೆ ನೀರು ಹಿಡಿಯುವುದನ್ನು ಕಲಿಸಲು ಯಾವ ಪುಡಿಯೂ ಬೇಕಾಗಿಲ್ಲ.

ಲೆಕ್ಕದಿಂದಲೇ ತೃಪ್ತನಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ನನ್ನ ತಮ್ಮನ ಮಗ ಕಳೆದ ಬಿತ್ತನೆಗೆ ಮುಂಚೆ ಇಂಥ ಆರು ಚೀಲ ತಂದಿದ್ದ. ಒಂದನ್ನು ಬಿಚ್ಚಿ ಚಿಟಿಕೆ ಪುಡಿಯನ್ನು ಗಾಜಿನ ತಟ್ಟೆಗೆ ಹಾಕಿ, ಮನೆಯಲ್ಲಿ ಉಳಿದಿದ್ದ ಸೌಮ್ಯ ಹೈಡ್ರೊಕ್ಲೋರಿಕ್ ಆಮ್ಲವನ್ನು ನಾಲ್ಕು ಹನಿ ಬಿಟ್ಟೆ. ಸೋಡಾ ಬಾಟಲಿ ತೆರೆದಂತೆ ಬುಸ್ಸೆಂದು ನೊರೆ ಬಂತು. ಜಿಯೋಲೈಟ್ ಆಮ್ಲಕ್ಕೆ ಹೀಗೆ ನೊರೆ ಬಿಡುವುದಿಲ್ಲ, ಸುಣ್ಣದ ಕಲ್ಲು ಬಿಡುತ್ತದೆ. ನೈಸರ್ಗಿಕ ಜಿಯೋಲೈಟಿನಲ್ಲಿ ಸುಣ್ಣಾಂಶ ಸ್ವಲ್ಪ ಬೆರೆತಿರುವುದು ಅಪರೂಪವಲ್ಲ, ಆದ್ದರಿಂದ ಒಂದೆರಡು ಗುಳ್ಳೆ ಕಂಡರೆ ಮೋಸವೆಂದು ಕೂಗಬಾರದು. ಆದರೆ ನನ್ನ ತಟ್ಟೆಯಲ್ಲಿ ಪುಡಿಯ ಬಹುಪಾಲು ಕರಗಿಯೇ ಹೋಯಿತು. ಶಹಾಬಾದಿನ ಕಲ್ಲು ಸೀಳುವ ಸೀಮೆಯಲ್ಲಿ ಬೂದುಬಣ್ಣದ ನುಣ್ಣನೆಯ ಪುಡಿಗೆ ಬರವಿಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಮಾರಿದವರನ್ನು ಕೇಳಿದಾಗ ‘ಮೇಲಿನಿಂದ ಬಂದ ಮಾಲು’ ಎಂದರು. ಚೀಲದ ಮೇಲೆ ಖನಿಜದ ಹೆಸರೂ ಇರಲಿಲ್ಲ, ಗಣಿಯ ಊರೂ ಇರಲಿಲ್ಲ, ಹಸಿರು ಎಲೆಯ ಚಿತ್ರವೊಂದಿತ್ತು.

ಮನೆಯಲ್ಲಿ ಪರೀಕ್ಷೆ ಮಾಡಬಯಸುವವರು ಆಮ್ಲದ ಬದಲು ನಿಂಬೆರಸವನ್ನೂ ಬಳಸಬಹುದು, ನೊರೆ ನಿಧಾನವಾಗಿ ಬರುತ್ತದೆ ಅಷ್ಟೆ. ನೊರೆ ಬರದಿದ್ದ ಮಾತ್ರಕ್ಕೆ ಅದು ಜಿಯೋಲೈಟೇ ಎಂದು ಸಾಬೀತಾಗುವುದಿಲ್ಲ. ಜೇಡಿಮಣ್ಣೂ ನೊರೆ ಬಿಡುವುದಿಲ್ಲ, ಕಾಯಿಸಿದರೆ ಅದೂ ನೀರು ಬಿಡುತ್ತದೆ. ಖಚಿತವಾಗಿ ಹೇಳಲು ಹರಳಿನ ಒಳರಚನೆಯನ್ನು ತೋರಿಸುವ ಎಕ್ಸ್‌ರೇ ವಿವರ್ತನ ಪರೀಕ್ಷೆಯೇ ಬೇಕು. ನಮ್ಮ ಬಿದ್ರಿ ಕುಶಲಕರ್ಮಿಗಳು ಪಾತ್ರೆಗೆ ಕಪ್ಪು ಬಣ್ಣ ಏರಿಸಲು ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸುವ ಮುಂಚೆ ಆ ಮಣ್ಣನ್ನು ನಾಲಿಗೆಯ ಮೇಲಿಟ್ಟು ನೋಡಿಯೇ ಆರಿಸುತ್ತಾರೆ. ಅದು ತಲೆಮಾರುಗಳ ಅನುಭವದಿಂದ ಬಂದ ನಾಲಿಗೆ. ಜಿಯೋಲೈಟ್ ಕೊಳ್ಳುವ ರೈತನಿಗೆ ಅಂಥ ನಾಲಿಗೆಯೂ ಇಲ್ಲ, ಪ್ರಯೋಗಾಲಯದ ಚೀಟಿಯೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಈ ಖನಿಜಕ್ಕೆ ಅನ್ಯಾಯ ಮಾಡಬಾರದು. ಅಮೋನಿಯಂ ಮೇಲೆ ಅದಕ್ಕಿರುವ ಒಲವು ನಿಜವಾದದ್ದು, ಅಮೋನಿಯ ಒಂದೇ ಜಾಗದಲ್ಲಿ ಒತ್ತಾಗಿ ಸೇರುವ ಕಡೆ ಅದು ಚೆನ್ನಾಗಿಯೇ ದುಡಿಯುತ್ತದೆ. ಕೋಳಿ ಫಾರಮ್ಮಿನ ಹಾಸಿನಲ್ಲಿ ಭತ್ತದ ಹೊಟ್ಟಿನ ಜೊತೆ ಬೆರೆಸಿದರೆ ಕಣ್ಣು ಉರಿಸುವ ಆ ಘಾಟು ಇಳಿಯುತ್ತದೆ. ದನದ ಕೊಟ್ಟಿಗೆಯಲ್ಲಿ ಗಂಜಲ ಹರಿಯುವ ಗಟಾರಿನ ಬಾಯಿಗೆ ಹರಡಿ, ಆಮೇಲೆ ಅದನ್ನು ತಿಪ್ಪೆಗೆ ಸೇರಿಸಿದರೆ ಗಾಳಿಗೆ ಹಾರಿಹೋಗುತ್ತಿದ್ದ ಸಾರಜನಕದ ಒಂದು ಪಾಲು ಗೊಬ್ಬರದಲ್ಲೇ ಉಳಿಯುತ್ತದೆ. ಜಿಯೋಲೈಟ್ ಹೊಲಕ್ಕೆ ಹೋಗುವುದಾದರೆ ಹೀಗೆ ತಿಪ್ಪೆಯ ಮೂಲಕ ಹೋಗುವುದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಸಿಹಿನೀರಿನ ಮೀನಿನ ತೊಟ್ಟಿಗಳಲ್ಲಿ, ಮೊಟ್ಟೆ ಒಡೆದು ಮರಿ ಮಾಡುವ ಕೇಂದ್ರಗಳಲ್ಲಿ ಅಮೋನಿಯ ತೆಗೆಯಲು ಇದನ್ನು ಸೋಸುಕದಲ್ಲಿ ಬಳಸುತ್ತಾರೆ. ಉಪ್ಪುನೀರಿನಲ್ಲಿ ಮಾತ್ರ ಸೋಡಿಯಂ ಪೈಪೋಟಿಗೆ ನಿಲ್ಲುವುದರಿಂದ ಇದು ಸೋಲುತ್ತದೆ. ಅದೇ ಕಾರಣಕ್ಕೆ, ತುಂಬಿಹೋದ ಜಿಯೋಲೈಟನ್ನು ಅಡುಗೆ ಉಪ್ಪಿನ ಗಾಢ ದ್ರಾವಣದಲ್ಲಿ ನೆನೆಸಿದರೆ ಹಿಡಿದ ಅಮೋನಿಯಂ ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಬರುತ್ತದೆ. ಪಶು ಆಹಾರದ ಮಟ್ಟಿಗೆ, ಯುರೋಪಿನ ಒಕ್ಕೂಟ 2013ರಲ್ಲಿ ಕ್ಲಿನೊಪ್ಟಿಲೊಲೈಟನ್ನು ಒಂದು ಕಿಲೋ ಪೂರ್ಣ ಆಹಾರಕ್ಕೆ 10 ಗ್ರಾಂ ಮೀರದಂತೆ ಬಳಸಲು ಒಪ್ಪಿದೆ.

ಅಣುಸ್ಥಾವರದಿಂದ ಹೊರಬೀಳುವ ವಿಕಿರಣಶೀಲ ಸೀಸಿಯಂ ಮೇಲಿನ ಒಲವಿನಿಂದಾಗಿ ಚೆರ್ನೋಬಿಲ್ ಮತ್ತು ಫುಕುಶಿಮಾದ ಅಣುದುರಂತಗಳ ನಂತರ ವಿಕಿರಣಭರಿತ ನೀರನ್ನು ಶುದ್ಧಮಾಡಲು ಜಿಯೋಲೈಟ್ ಬಳಕೆಯಾಯಿತು. ಇಟಲಿಯ ನೇಪಲ್ಸ್ ಸುತ್ತ ಜಿಯೋಲೈಟ್ ತುಂಬಿದ ಹಳದಿ ಕಲ್ಲಿನಿಂದ ಮನೆಗಳನ್ನೇ ಕಟ್ಟಿದ್ದಾರೆ. ಇವು ನಮ್ಮ ಅಂಗಡಿಯ ಚೀಲಕ್ಕೆ ಸಂಬಂಧಪಟ್ಟವಲ್ಲ, ಆದರೂ ಈ ಕಲ್ಲು ಹಗುರವಾದ ಮಾತಿಗೆ ತಕ್ಕದ್ದಲ್ಲ ಎಂದು ತೋರಿಸಲು ಹೇಳಿದೆ.

ಒಂದು ಎಚ್ಚರಿಕೆಯ ಮಾತನ್ನು ಬಿಡುವಂತಿಲ್ಲ. ಜಿಯೋಲೈಟ್ ಕುಟುಂಬದಲ್ಲೇ ಎರಿಯೊನೈಟ್ ಎಂಬ ನಾರಿನಂಥ ಖನಿಜವೊಂದಿದೆ. ಟರ್ಕಿಯ ಕಪಡೋಕಿಯಾ ಸೀಮೆಯ ಕರಾಯಿನ್, ತುಜ್‌ಕೊಯ್ ಮುಂತಾದ ಹಳ್ಳಿಗಳಲ್ಲಿ ಎರಿಯೊನೈಟ್ ಇರುವ ಕಲ್ಲಿನ ಮನೆಗಳಲ್ಲಿ ಬದುಕಿ, ಅದರ ದೂಳನ್ನು ಉಸಿರಾಡಿದವರಲ್ಲಿ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್ ಬಹಳಷ್ಟು ಜನರ ಪ್ರಾಣ ತೆಗೆಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ಕ್ಲಿನೊಪ್ಟಿಲೊಲೈಟ್ ಅಂಥದ್ದಲ್ಲ. ಆದರೆ ಚೀಲದಲ್ಲಿ ಯಾವ ಜಿಯೋಲೈಟ್ ಇದೆಯೆಂದೇ ಗೊತ್ತಿಲ್ಲದಾಗ, ಬಾಯಿಗೆ ಬಟ್ಟೆಯನ್ನೂ ಕಟ್ಟದೆ ಬರಿಗೈಯಲ್ಲಿ ಹೊಲದ ತುಂಬ ಎರಚುವ ಕೂಲಿಯ ಹೆಣ್ಣುಮಕ್ಕಳ ವಿಚಾರದಲ್ಲಿ ನಾವು ಯಾವ ಧೈರ್ಯದ ಮೇಲೆ ಸುಮ್ಮನಿರಬೇಕು?

ಆದ್ದರಿಂದ ಎರಡು ವಿನಂತಿ. ಕೃಷಿ ಇಲಾಖೆಯವರು ಈ ಹೆಸರಿನಲ್ಲಿ ಮಾರಾಟವಾಗುತ್ತಿರುವ ಚೀಲಗಳ ಮಾದರಿ ತೆಗೆದು ಪರೀಕ್ಷೆಗೆ ಕಳಿಸಲಿ. ಯಾವ ಖನಿಜ, ಶೇಕಡಾ ಎಷ್ಟು, ವಿನಿಮಯ ಸಾಮರ್ಥ್ಯ ಎಷ್ಟು, ಕಾಳಿನ ಗಾತ್ರವೇನು, ಎಲ್ಲಿಯ ಗಣಿ, ನಾರಿನಂಥ ಖನಿಜ ಇಲ್ಲವೆಂಬ ಪರೀಕ್ಷೆ ಆಗಿದೆಯೆ ಎಂಬಿಷ್ಟನ್ನು ಕನ್ನಡದಲ್ಲಿ ಮುದ್ರಿಸದ ಚೀಲವನ್ನು ಮಾರಲು ಬಿಡದಿರಲಿ, ಸಹಾಯಧನದ ಪಟ್ಟಿಗೆ ಅದು ನುಸುಳದಂತೆಯೂ ನೋಡಿಕೊಳ್ಳಲಿ. ಎರಡನೆಯದು, ಪಶುವೈದ್ಯಕೀಯ ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ. ದೇವಣಿ ದನಗಳ ಒಂದು ಕೊಟ್ಟಿಗೆ, ಒಂದು ಕೋಳಿ ಮನೆ, ಒಂದು ಮೀನಿನ ತೊಟ್ಟಿ, ಇಷ್ಟರಲ್ಲಿ ಒಂದು ವರ್ಷ ಖಚಿತ ಗುಣಮಟ್ಟದ ಕ್ಲಿನೊಪ್ಟಿಲೊಲೈಟ್ ಬಳಸಿ, ಪಕ್ಕದಲ್ಲೇ ಬಳಸದ ಕೊಟ್ಟಿಗೆಯನ್ನೂ ಇಟ್ಟು, ಅಮೋನಿಯ ಎಷ್ಟು ಇಳಿಯಿತು, ತಿಪ್ಪೆಯಲ್ಲಿ ಸಾರಜನಕ ಎಷ್ಟು ಉಳಿಯಿತು, ಕಿಲೋಗೆ ಎಷ್ಟು ರೂಪಾಯಿ ಕೊಟ್ಟರೆ ರೈತನಿಗೆ ಗಿಟ್ಟುತ್ತದೆ ಎಂದು ಅಳೆದು ಹೇಳಿದರೆ ಸಾಕು. ಸಾಗಾಣಿಕೆಯ ಖರ್ಚು ಸೇರಿದಾಗ ಅದು ಗಿಟ್ಟದೆಯೂ ಇರಬಹುದು. ಹಾಗೆಂದು ಅಂಕಿಗಳೊಂದಿಗೆ ತಿಳಿಸಿದರೆ ಅದೂ ಉಪಯೋಗವೇ.

ನನ್ನ ತಮ್ಮನ ಮಗನ ಬಳಿ ಉಳಿದ ಐದು ಚೀಲಗಳು ಬಿಚ್ಚದೆ ಹಾಗೇ ಇವೆ. ಪರೀಕ್ಷೆಗೆ ಮಾದರಿ ಬೇಕೆಂದು ಇಲಾಖೆಯವರು ಕೇಳಿದರೆ ಕೊಡಲು ಅವನು ಸಿದ್ಧನಿದ್ದಾನೆ.

ಇತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ಬಸವಕಲ್ಯಾಣ, ಬೀದರ್ ಜಿಲ್ಲೆ